ಶೆಡ್ಡಿನ ಶೀಟಿಗೆ ಫ್ಲೆಕ್ಸಿಬಲ್ ಸೋಲಾರ್: ಏಣಿ ಹತ್ತುವುದರಿಂದ ಮೀಟರ್ ತಿರುಗುವವರೆಗೆ

"ಸರ್, ಗಾಜಿನ ಪ್ಯಾನೆಲ್ ಭಾರ ತಡೆಯಲ್ಲ ಅಂತ ಇಂಜಿನಿಯರ್ ಹೇಳ್ಬಿಟ್ರು. ಆ ಬಗ್ಗೋ ಪ್ಯಾನೆಲ್ ಇದೆಯಲ್ಲ, ಅದನ್ನೇ ಅಂಟಿಸಿಬಿಡೋಣ್ವಾ?"

ಪೀಣ್ಯ, ಬೊಮ್ಮಸಂದ್ರ, ಹುಬ್ಬಳ್ಳಿಯ ತಾರಿಹಾಳ ಕಡೆಯ ಶೆಡ್ ಮಾಲೀಕರಿಂದ ಇಂಥ ಫೋನ್ ಬರುತ್ತಲೇ ಇರುತ್ತದೆ. ನನ್ನ ಉತ್ತರ ಯಾವಾಗಲೂ ಒಂದೇ: ಮೊದಲು ಶೀಟು ನೋಡೋಣ. ಫ್ಲೆಕ್ಸಿಬಲ್ ಪ್ಯಾನೆಲ್ ಹಾಕುವುದನ್ನು ಕರೆಂಟ್ ಕೆಲಸ ಎಂದುಕೊಂಡವರೇ ಜಾಸ್ತಿ. ಅದು ಮುಕ್ಕಾಲು ಪಾಲು ಚಾವಣಿ ಕೆಲಸ. ಗಾಜಿನ ಪ್ಯಾನೆಲ್ ಕ್ಲ್ಯಾಂಪಿನ ಮೇಲೆ ನಿಲ್ಲುತ್ತದೆ. ಇದು ಶೀಟಿನ ಬಣ್ಣದ ಮೇಲೆ, ಅಂಟಿನ ಬಲದಲ್ಲಿ ನಿಲ್ಲುತ್ತದೆ. ಬಣ್ಣ ಕಿತ್ತರೆ ಪ್ಯಾನೆಲ್ಲೂ ಕಿತ್ತಂತೆ.

ನಿಮಗೆ ಇದು ನಿಜವಾಗಿಯೂ ಬೇಕಾ?

ಲೆಕ್ಕದಿಂದ ಶುರು ಮಾಡಿ. ಫ್ರೇಮ್ ಇರುವ ಸಾಮಾನ್ಯ ಗಾಜಿನ ಪ್ಯಾನೆಲ್ ಚದರ ಮೀಟರಿಗೆ 11ರಿಂದ 12 ಕೆಜಿ ತೂಗುತ್ತದೆ. ಅಲ್ಯೂಮಿನಿಯಂ ರೈಲು, ಕ್ಲ್ಯಾಂಪು ಸೇರಿದರೆ 13–15 ಕೆಜಿ. ಗಾಜಿಲ್ಲದ ಫ್ಲೆಕ್ಸಿಬಲ್ ಪ್ಯಾನೆಲ್ ಅಂಟು ಸೇರಿ ಸುಮಾರು 3ರಿಂದ 6 ಕೆಜಿ. 100 ಕಿಲೋವ್ಯಾಟಿಗೆ ಹತ್ತಿರ ಹತ್ತಿರ 480 ಚದರ ಮೀಟರ್ ಪ್ಯಾನೆಲ್ ಬೇಕು ಅಂದುಕೊಳ್ಳಿ. ಗಾಜಿನದಾದರೆ ಆರು, ಏಳು ಟನ್. ಫ್ಲೆಕ್ಸಿಬಲ್ ಆದರೆ ಒಂದೂವರೆಯಿಂದ ಮೂರು ಟನ್.

ಈಗ ಶೆಡ್ಡಿನ ಡ್ರಾಯಿಂಗ್ ತೆಗೆಯಿರಿ. ಕಟ್ಟಡದ ಮೇಲಿನ ಭಾರದ ಲೆಕ್ಕಕ್ಕಿರುವ ಭಾರತೀಯ ಮಾನಕ ಐಎಸ್ 875ರ ಎರಡನೇ ಭಾಗದ ಪ್ರಕಾರ, 10 ಡಿಗ್ರಿವರೆಗಿನ ಇಳಿಜಾರಿನ, ಜನ ಓಡಾಡದ ಚಾವಣಿಗೆ ಚದರ ಮೀಟರಿಗೆ 0.75 ಕಿಲೋನ್ಯೂಟನ್, ಅಂದರೆ ಸುಮಾರು 75 ಕೆಜಿ ಲೈವ್ ಲೋಡ್ (ಬಂದು ಹೋಗುವ ಭಾರ) ಹಿಡಿಯಬೇಕು. "75 ಕೆಜಿ ಇದೆಯಲ್ಲ, 15 ಕೆಜಿ ಯಾವ ಲೆಕ್ಕ?" ಎಂದು ಕೇಳುವವರಿದ್ದಾರೆ. ಆ 75 ಕೆಜಿ ರಿಪೇರಿಗೆ ಹತ್ತುವ ಜನಕ್ಕೆ, ಅವರು ಹೊತ್ತೊಯ್ಯುವ ಸಾಮಾನಿಗೆ ಇಟ್ಟದ್ದು. ಸೋಲಾರ್ ಇಪ್ಪತ್ತು ವರ್ಷ ಇಳಿಯದೆ ಕೂತಿರುವ ಭಾರ. ಅದನ್ನು ಬೇರೆಯಾಗಿ ಕೂಡಿಸಬೇಕು. ಈಚಿನ ಪ್ರಿ-ಎಂಜಿನಿಯರ್ಡ್ ಶೆಡ್ಡುಗಳ ಡ್ರಾಯಿಂಗಿನಲ್ಲಿ ಕೊಲ್ಯಾಟರಲ್ ಲೋಡ್ (ಚಾವಣಿಗೆ ಹೆಚ್ಚುವರಿಯಾಗಿ ಕೂರಿಸುವ ಸಾಮಾನಿನ ಭಾರ) ಅಂತ ಒಂದು ಸಾಲಿರುತ್ತದೆ. ಅಲ್ಲಿ ಸೋಲಾರಿಗೆ ಅಂತ 15 ಕೆಜಿ ಬರೆದಿದ್ದರೆ ಸುಮ್ನೆ ಗಾಜಿನ ಪ್ಯಾನೆಲ್ ಹಾಕಿಸಿ, ಈ ಲೇಖನ ಇಲ್ಲಿಗೇ ಬಿಡಿ. ಅದು ಅಗ್ಗ, ಬಾಳಿಕೆ ಜಾಸ್ತಿ, ಕೆಟ್ಟರೆ ಬಿಚ್ಚುವುದೂ ಸುಲಭ. ಸೊನ್ನೆ ಅಂತಲೋ, ಐದು ಕೆಜಿ ಅಂತಲೋ ಇದ್ದರೆ ಮಾತ್ರ ಫ್ಲೆಕ್ಸಿಬಲ್ ಕಡೆ ನೋಡಿ. ಡ್ರಾಯಿಂಗೇ ಇಲ್ಲದ ಹಳೇ ಟ್ರಸ್ ಶೆಡ್ ಆದರೆ ಸ್ಟ್ರಕ್ಚರಲ್ ಇಂಜಿನಿಯರ್ ಬಂದು ಪರ್ಲಿನ್, ಅಂದರೆ ಶೀಟು ಹೊರುವ ಅಡ್ಡಪಟ್ಟಿ, ಅಳೆದು ಬರೆದುಕೊಡಲಿ. ಬಾಯಿಮಾತಿನ "ಆಗುತ್ತೆ ಬಿಡಿ ಸರ್" ನಡೆಯುವುದಿಲ್ಲ.

ಮೊದಲು ಒಳಗಿನಿಂದ ನೋಡಿ

ಎಲ್ಲರೂ ನೇರ ಏಣಿ ಹತ್ತುತ್ತಾರೆ. ನಾನು ಮೊದಲು ಶೆಡ್ಡಿನೊಳಗೆ ಹೋಗಿ ಲೈಟ್ ಆರಿಸಲು ಹೇಳುತ್ತೇನೆ. ಕತ್ತಲಲ್ಲಿ ಮೇಲೆ ನೋಡಿದರೆ ತೂತುಗಳು ನಕ್ಷತ್ರದ ಹಾಗೆ ಕಾಣುತ್ತವೆ. ಪರ್ಲಿನ್ ಮೇಲೆ ನೀರಿಳಿದ ಕಂದು ಗೆರೆ, ಸ್ಕ್ರೂ ತುದಿಯ ತುಕ್ಕು, ಮಳೆಗಾಲದಲ್ಲಿ ಯಾವ ಮೆಷಿನ್ ಮೇಲೆ ಟಾರ್ಪಾಲು ಹೊದಿಸುತ್ತಾರೆ ಅನ್ನುವುದು, ಇವೆಲ್ಲ ಚಾವಣಿಯ ಜಾತಕ. ಮಾಲೀಕರನ್ನಲ್ಲ, ಆಪರೇಟರುಗಳನ್ನು ಕೇಳಿ. ಎಲ್ಲಿ ಸೋರುತ್ತದೆ ಅಂತ ಅವರು ಬೆರಳಿಟ್ಟು ತೋರಿಸುತ್ತಾರೆ.

ಹಾಗೇ ಬೆಳಕಿಗೆಂದು ಹಾಕಿದ ಎಫ್‌ಆರ್‌ಪಿ (ಫೈಬರ್) ಅಥವಾ ಪಾಲಿಕಾರ್ಬೊನೇಟ್ ಶೀಟುಗಳನ್ನು ಕೆಳಗಿನಿಂದಲೇ ಗುರುತು ಮಾಡಿಕೊಳ್ಳಿ. ಮೇಲೆ ಧೂಳು ಕೂತರೆ ಅವಕ್ಕೂ ಕಬ್ಬಿಣದ ಶೀಟಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಕಾಲಿಟ್ಟರೆ ಸೀದಾ ನೆಲಕ್ಕೆ. ಶೆಡ್ ಚಾವಣಿಯಲ್ಲಿ ಜೀವ ಹೋಗುವುದು ಕರೆಂಟಿಗಿಂತ ಜಾಸ್ತಿ ಹೀಗೇ. ಹಗ್ಗ, ಬೆಲ್ಟು, ನಡೆಯಲು ಹಲಗೆ ಇಲ್ಲದೆ ಯಾರನ್ನೂ ಹತ್ತಿಸಬೇಡಿ.

ಆಮೇಲೆ ಮೇಲೆ ಹೋಗಿ. ಸ್ಕ್ರೂ ತಲೆಯ ಕೆಳಗಿನ ರಬ್ಬರ್ ವಾಷರನ್ನು ಉಗುರಿನಿಂದ ಒತ್ತಿ ನೋಡಿ. ಮೆತ್ತಗಿದ್ದರೆ ಸರಿ. ಪುಡಿಯಾದರೆ ಎಲ್ಲ ಸ್ಕ್ರೂ ಬದಲಿಸುವ ಖರ್ಚನ್ನೂ ಈಗಲೇ ಎಸ್ಟಿಮೇಟಿಗೆ ಸೇರಿಸಿ. ಪ್ಯಾನೆಲ್ ಅಂಟಿಸಿದ ಮೇಲೆ ಅದರ ಕೆಳಗಿನ ಸ್ಕ್ರೂ ನಿಮ್ಮ ಕೈಗೆ ಸಿಗುವುದಿಲ್ಲ. ಶೀಟಿಗೆ ಇನ್ನು ಐದಾರು ವರ್ಷವಷ್ಟೇ ಆಯಸ್ಸು ಅನ್ನಿಸಿದರೆ ಶೀಟು ಬದಲಿಸಿ, ಹೊಸದರ ಮೇಲೆ ಅಂಟಿಸಿ. ಇಪ್ಪತ್ತು ವರ್ಷದ ಪ್ಯಾನೆಲ್ಲನ್ನು ಐದು ವರ್ಷದ ಶೀಟಿಗೆ ಕಟ್ಟಿಹಾಕಬಾರದು, ಅಲ್ವಾ?

ಚಾವಣಿ ಯಾವ ಜಾತಿಯದು?

ನಮ್ಮಲ್ಲಿ ಜಾಸ್ತಿ ಇರುವುದು ಏಣು-ತಗ್ಗಿನ ಟ್ರೆಪಿಜಾಯ್ಡಲ್ ಶೀಟು. ಏಣಿನಿಂದ ಏಣಿಗೆ ಸುಮಾರು 200–250 ಮಿ.ಮೀ. ಇದರ ತಗ್ಗಿನಲ್ಲಿ ಪ್ಯಾನೆಲ್ ಹಿಡಿಸುವುದಿಲ್ಲ. ಹಾಗಾಗಿ ಸ್ವಲ್ಪ ಗಟ್ಟಿ ಇರುವ, ಅರೆ-ಬಾಗುವ ಹಗುರ ಪ್ಯಾನೆಲ್ ತೆಗೆದುಕೊಂಡು ಏಣುಗಳ ತಲೆಯ ಮೇಲೆ ಸೇತುವೆಯ ಹಾಗೆ ಅಂಟಿಸಬೇಕು. ಇದರಲ್ಲಿ ಒಂದು ಲಾಭವೂ ಇದೆ. ಕೆಳಗಿನ ತಗ್ಗಿನಲ್ಲಿ ಗಾಳಿ ಆಡುತ್ತದೆ, ಮಳೆನೀರೂ ಹರಿಯುತ್ತದೆ. ಆದರೆ ತೀರಾ ತೆಳು, ಬಟ್ಟೆಯಂಥ ಪ್ಯಾನೆಲ್ಲನ್ನು ಹೀಗೆ ಹಾಕಿದರೆ ಏಣುಗಳ ನಡುವೆ ಜೋತು ಬಿದ್ದು ಸೆಲ್ ಬಿರಿಯುತ್ತದೆ.

ಅಂಚುಗಳನ್ನು ಮೇಲಕ್ಕೆ ಮಡಿಚಿ ಕೂಡಿಸುವ ಸ್ಟ್ಯಾಂಡಿಂಗ್ ಸೀಮ್ ಶೀಟಿನಲ್ಲಿ ಎರಡು ಮಡಿಕೆಗಳ ನಡುವೆ ಅಗಲವಾದ ಸಪಾಟು ಜಾಗ ಸಿಗುತ್ತದೆ. ಅಮೆರಿಕದ ಯುನಿ-ಸೋಲಾರ್ ಇದಕ್ಕಾಗಿಯೇ 394 ಮಿ.ಮೀ. ಅಗಲ, ಐದೂವರೆ ಮೀಟರ್ ಉದ್ದದ ಪಟ್ಟಿ ಮಾಡುತ್ತಿತ್ತು. ಹಿಂದಿನ ಕಾಗದ ಸುಲಿದು ಅಂಟಿಸಿದರೆ ಮುಗಿಯಿತು. 144 ವ್ಯಾಟ್, ತೂಕ ಬರೀ 7.7 ಕೆಜಿ. ಕೆಲಸ ಚೆನ್ನಾಗಿತ್ತು, ಜಾಗ ಮಾತ್ರ ವಿಪರೀತ ತಿನ್ನುತ್ತಿತ್ತು. 2012ರ ಫೆಬ್ರುವರಿಯಲ್ಲಿ ಅದರ ಮೂಲ ಕಂಪನಿ ದಿವಾಳಿ ಅರ್ಜಿ ಹಾಕಿತು. ಗ್ಯಾರಂಟಿ ಪತ್ರ ಹಿಡಿದು ಕೂತವರಿಗೆ ಉತ್ತರ ಹೇಳುವವರಿರಲಿಲ್ಲ. 25 ವರ್ಷದ ಗ್ಯಾರಂಟಿ ಅಂದ ತಕ್ಷಣ ನಾನು ಕಂಪನಿಯ ವಯಸ್ಸು ಕೇಳುವುದು ಇದಕ್ಕೇ.

ಸಿಮೆಂಟ್ ಶೀಟು, ಅಂದರೆ ಆಸ್‌ಬೆಸ್ಟಾಸ್ ಇದ್ದರೆ ಅದನ್ನು ಮುಟ್ಟಬೇಡಿ. ಕಾಲಿಟ್ಟರೆ ಒಡೆಯುತ್ತದೆ. ಅಂಟಿಸಲು ಉಜ್ಜಿದರೆ ನಾರಿನ ಧೂಳು ಏಳುತ್ತದೆ. ಬದಲಿಸುವುದೊಂದೇ ದಾರಿ.

ಮಾಲ್, ಗೋದಾಮುಗಳ ಸಪಾಟು ಚಾವಣಿಯ ಟಿಪಿಒ ಅಥವಾ ಪಿವಿಸಿಯ ನೀರು ತಡೆಯುವ ಪ್ಲಾಸ್ಟಿಕ್ ಹಾಳೆಗೂ ಫ್ಲೆಕ್ಸಿಬಲ್ ಹೊಂದುತ್ತದೆ. ಆದರೆ ಪಿವಿಸಿಯನ್ನು ಮೆತ್ತಗಿಡುವ ಎಣ್ಣೆಯಂಥ ಪದಾರ್ಥ ನಿಧಾನಕ್ಕೆ ಹೊರಬಂದು ಅಂಟನ್ನು ಕರಗಿಸಬಹುದು. ಹಾಳೆ ತಯಾರಿಸಿದವರು ಯಾವ ಅಂಟು ಒಪ್ಪುತ್ತಾರೋ ಅದನ್ನು ಬರೆಸಿಕೊಳ್ಳಿ. ಇಲ್ಲದಿದ್ದರೆ ಚಾವಣಿಯ ಗ್ಯಾರಂಟಿಯೂ ಹೋಗುತ್ತದೆ. ನೀರು ನಿಲ್ಲುವ ಜಾಗದಲ್ಲಂತೂ ಬೇಡವೇ ಬೇಡ.

ಪಫ್ ಸ್ಯಾಂಡ್‌ವಿಚ್ ಶೀಟಿನ ಒಳಗಿನ ಫೋಮು ಉರಿಯುವ ವಸ್ತು. ಮೇಲೆ ಡಿಸಿ ಕರೆಂಟು, ಕೆಳಗೆ ಫೋಮು. ಒಳಗೆ ರಾಕ್‌ವೂಲ್ ಇದ್ದರೆ ಧೈರ್ಯ ಮಾಡಬಹುದು. ಪಫ್ ಆದರೆ ಇನ್ಶೂರೆನ್ಸ್‌ನವರ ಒಪ್ಪಿಗೆ ಬರಹದಲ್ಲಿ ಬರುವವರೆಗೂ ನಾನು ಕೈ ಹಾಕುವುದಿಲ್ಲ.

ಪ್ಯಾನೆಲ್ ಕೊಳ್ಳುವಾಗ

ದೋಣಿಗೂ ಕ್ಯಾರವಾನಿಗೂ ಅಂತ ಆನ್‌ಲೈನಿನಲ್ಲಿ ಸಿಗುವ 100 ವ್ಯಾಟಿನ ಬಾಗುವ ಪ್ಯಾನೆಲ್ ಬೇರೆ, ಕಟ್ಟಡಕ್ಕೆ ಮಾಡಿದ್ದು ಬೇರೆ. ಪ್ಯಾನೆಲ್ಲಿನ ಗುಣಮಟ್ಟ, ಸುರಕ್ಷತೆಯ ಐಇಸಿ 61215 ಮತ್ತು 61730 ಸರ್ಟಿಫಿಕೇಟ್ ಕೇಳಿ. ಅದರಲ್ಲಿ ನೀವು ಕೊಳ್ಳುವ ಮಾಡೆಲ್ ನಂಬರೇ ಇದೆಯಾ ನೋಡಿ. ಗ್ರಿಡ್ಡಿಗೆ ಸೇರಿಸುವುದಾದರೆ ಕೇಂದ್ರದ ಎಎಲ್‌ಎಂಎಂ (ಒಪ್ಪಿಗೆ ಪಡೆದ ಪ್ಯಾನೆಲ್ ಮಾಡೆಲ್, ತಯಾರಕರ) ಪಟ್ಟಿಯಲ್ಲಿ ಆ ಮಾಡೆಲ್ ಇದೆಯಾ ಅನ್ನುವುದನ್ನು ಅಡ್ವಾನ್ಸ್ ಕೊಡುವ ಮುಂಚೆಯೇ ನೋಡಬೇಕು. ಹಗುರ ಪ್ಯಾನೆಲ್ಲುಗಳು ಎಡವುವುದು ಇಲ್ಲೇ. ಮಾಲು ಬಂದಿಳಿದ ಮೇಲೆ "ಪಟ್ಟಿಯಲ್ಲಿಲ್ಲ" ಅಂತ ಫೈಲ್ ವಾಪಸ್ ಬಂದರೆ ಅದನ್ನು ಅಲಂಕಾರಕ್ಕೆ ಇಟ್ಟುಕೊಳ್ಳಬೇಕಾಗುತ್ತದೆ. ನೆಟ್ ಮೀಟರಿಂಗಿಗೆ (ಹೆಚ್ಚಾದ ಕರೆಂಟನ್ನು ಗ್ರಿಡ್ಡಿಗೆ ಕೊಟ್ಟು ಬಿಲ್ಲಿನಲ್ಲಿ ಕಳೆಯುವ ವ್ಯವಸ್ಥೆಗೆ) ಎಷ್ಟು ಕಿಲೋವ್ಯಾಟ್ ಒಪ್ಪುತ್ತಾರೆ ಅನ್ನುವುದಕ್ಕೆ ನಿಮ್ಮ ಮಂಜೂರಾದ ಲೋಡೂ ಲೆಕ್ಕಕ್ಕೆ ಬರುತ್ತದೆ. ಬೆಸ್ಕಾಂ ಇರಲಿ, ಹೆಸ್ಕಾಂ ಇರಲಿ, ಅರ್ಜಿ ಹಾಕಿ ಒಪ್ಪಿಗೆ ಬಂದ ಮೇಲೆ ಆರ್ಡರ್ ಕೊಡಿ. ಶೆಡ್ ಬಾಡಿಗೆಯದಾದರೆ ಮಾಲೀಕರ ಸಹಿಯೂ ಬೇಕು.

ಬಿಸಿಯ ಲೆಕ್ಕವನ್ನೂ ಹಾಕಿ. ಪ್ಯಾನೆಲ್ಲಿನ ವ್ಯಾಟೇಜ್ ಹೇಳುವುದು 25 ಡಿಗ್ರಿಯಲ್ಲಿ. ಸಿಲಿಕಾನ್ ಸೆಲ್ ಅದಕ್ಕಿಂತ ಒಂದೊಂದು ಡಿಗ್ರಿ ಏರಿದಂತೆ ಸುಮಾರು 0.35% ಕಳೆದುಕೊಳ್ಳುತ್ತದೆ. ಶೀಟಿಗೆ ಪೂರ್ತಿ ಅಂಟಿಕೊಂಡ ಪ್ಯಾನೆಲ್ ಏಪ್ರಿಲ್ ಮಧ್ಯಾಹ್ನ 75 ಡಿಗ್ರಿ ಮುಟ್ಟಿದರೆ 17.5% ಹೋಯಿತು. ಕೆಳಗೆ ಗಾಳಿಯಾಡಿ 60ರಲ್ಲಿ ನಿಂತರೆ ಹೋಗುವುದು 12% ಚಿಲ್ಲರೆ. ಏಣಿನ ಮೇಲೆ ಅಂಟಿಸುವುದು ನನಗೆ ಇಷ್ಟವಾಗುವುದು ಈ ಐದು ಪರ್ಸೆಂಟಿಗೆ. ಬೆಂಗಳೂರಿನಲ್ಲಿ ಒಂದು ಕಿಲೋವ್ಯಾಟಿಗೆ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಅನ್ನುವುದು ಗಾಜಿನ ಪ್ಯಾನೆಲ್ಲಿನ ರೂಢಿಯ ಲೆಕ್ಕ. ಅಂಟಿಸಿದ್ದಕ್ಕೆ ಸ್ವಲ್ಪ ಕಡಿಮೆಯೇ ಹಿಡಿದು ಬ್ಯಾಂಕಿಗೆ ತೋರಿಸಿ. ಇಳಿಜಾರು ಕಡಿಮೆ ಅಂತ ಮಾತ್ರ ತಲೆ ಕೆಡಿಸಿಕೊಳ್ಳಬೇಡಿ. ನಾವಿರುವುದು 13 ಡಿಗ್ರಿ ಅಕ್ಷಾಂಶದಲ್ಲಿ. ಸೂರ್ಯ ಹೆಚ್ಚುಕಮ್ಮಿ ನೆತ್ತಿಯ ಮೇಲೇ ಇರುತ್ತಾನೆ.

ನಕ್ಷೆ ಹಾಕುವುದು

ಚಾವಣಿಯ ಅಂಚು, ಮೂಲೆ, ರಿಡ್ಜ್ (ಚಾವಣಿಯ ನೆತ್ತಿ) ಹತ್ತಿರ ಗಾಳಿ ಮೇಲಕ್ಕೆ ಎಳೆಯುವುದು ಜಾಸ್ತಿ. ಐಎಸ್ 875ರ ಮೂರನೇ ಭಾಗದಲ್ಲಿ ಬೆಂಗಳೂರಿಗೆ ಗಾಳಿಯ ಮೂಲ ವೇಗ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39. ಎಳೆತ ವೇಗದ ವರ್ಗಕ್ಕೆ ಏರುವುದರಿಂದ ಮಂಗಳೂರಿನಲ್ಲಿ ಅದು ಸುಮಾರು 40% ಜಾಸ್ತಿ. ಅಂಚಿನಿಂದ ಎಷ್ಟು ಬಿಡಬೇಕು ಅನ್ನುವುದನ್ನು ಇಂಜಿನಿಯರ್ ಲೆಕ್ಕ ಹಾಕಲಿ. ಒಂದು ಮೀಟರಿಗಿಂತ ಕಡಿಮೆ ಬಂದರೂ ನಾನು ಒಂದು ಮೀಟರ್ ಬಿಡುತ್ತೇನೆ. ಒಂದು ವಿಷಯ ನೆನಪಿರಲಿ: ಗಾಳಿ ಪ್ಯಾನೆಲ್ ಎಳೆದರೆ ಪ್ಯಾನೆಲ್ ಅಂಟನ್ನು, ಅಂಟು ಶೀಟನ್ನು, ಶೀಟು ಸ್ಕ್ರೂವನ್ನು ಎಳೆಯುತ್ತದೆ. ಸ್ಕ್ರೂ ಸಡಿಲವಿದ್ದರೆ ಅಂಟು ಎಷ್ಟು ಗಟ್ಟಿಯಿದ್ದೂ ಏನು?

ಶೀಟು ಹಿಗ್ಗುತ್ತದೆ, ಕುಗ್ಗುತ್ತದೆ. 30 ಮೀಟರ್ ಉದ್ದದ ಉಕ್ಕಿನ ಶೀಟು 50 ಡಿಗ್ರಿ ವ್ಯತ್ಯಾಸಕ್ಕೆ 18 ಮಿ.ಮೀ. ಬೆಳೆಯುತ್ತದೆ. ಆದ್ದರಿಂದ ಎರಡು ಶೀಟು ಉದ್ದಕ್ಕೆ ಕೂಡುವ ಲ್ಯಾಪಿನ ಮೇಲೆ, ಎಕ್ಸ್‌ಪಾನ್ಶನ್ ಜಾಯಿಂಟ್ ಮೇಲೆ ಪ್ಯಾನೆಲ್ ದಾಟಿಸಬೇಡಿ. ಟರ್ಬೊ ವೆಂಟಿಲೇಟರಿನ ನೆರಳು ಎಲ್ಲಿಯವರೆಗೆ ಬೀಳುತ್ತದೆ ಅನ್ನುವುದನ್ನು ಬೆಳಿಗ್ಗೆ 9ಕ್ಕೂ ಸಂಜೆ 4ಕ್ಕೂ ಸೀಮೆಸುಣ್ಣದಲ್ಲಿ ಗೆರೆ ಎಳೆದು ಗುರುತಿಸಿ. ಕ್ಲೀನಿಂಗಿಗೆ, ಅಗ್ನಿಶಾಮಕದವರಿಗೆ ನಡೆದಾಡುವ ಓಣಿ ಬಿಡಿ. ಇದನ್ನು ಬಿಡಲೇಬೇಕು, ಯಾಕೆಂದರೆ ಈ ಪ್ಯಾನೆಲ್ ಮೇಲೆ ಕಾಲಿಡುವ ಹಾಗಿಲ್ಲ. ಬಗ್ಗುತ್ತದೆ ಅಂದರೆ ತುಳಿಯಬಹುದು ಅಂತಲ್ಲ. ಒಳಗಿನ ಸಿಲಿಕಾನ್ ಹಪ್ಪಳದಷ್ಟೇ ನಾಜೂಕು. ಬಿರುಕು ಕಣ್ಣಿಗೆ ಕಾಣುವುದಿಲ್ಲ, ಬಿಲ್ಲಿನಲ್ಲಿ ಕಾಣುತ್ತದೆ.

ಅಂಟು: ಇಲ್ಲಿ ಅವಸರ ಬೇಡ

ನಾನು ಶುರುವಿನಲ್ಲಿ ಮಾಡಿದ ಒಂದು ಕೆಲಸ ಹೇಳುತ್ತೇನೆ. ಜನವರಿ ಬೆಳಿಗ್ಗೆ ಏಳಕ್ಕೆ ಹುಡುಗರು ಶೀಟು ಒರೆಸಿ ಅಂಟಿಸಲು ಶುರು ಮಾಡಿದರು. ನೋಡಲು ಒಣಗಿಯೇ ಇತ್ತು. ಮೇ ಕೊನೆಯ ಮೊದಲ ಬಿರುಗಾಳಿಗೆ ಉತ್ತರದ ಸಾಲಿನ ಹನ್ನೊಂದು ಪ್ಯಾನೆಲ್ಲುಗಳ ಅಂಚು ಎದ್ದು ಪಟಪಟ ಬಡಿಯುತ್ತಿತ್ತು. ಹತ್ತಿ ನೋಡಿದರೆ ಅಂಟಿನ ಪಟ್ಟಿ ಪೂರ್ತಿ ಪ್ಯಾನೆಲ್ ಜೊತೆಗೇ ಬಂದಿದೆ, ಶೀಟು ಕನ್ನಡಿಯಂತೆ ಖಾಲಿ. ರಾತ್ರಿಯ ಇಬ್ಬನಿಯ ತೆಳು ಪದರದ ಮೇಲೆ ಅಂಟಿಸಿದ್ದೆವು. ದಕ್ಷಿಣದ ಸಾಲಿಗೆ ಬರುವಷ್ಟರಲ್ಲಿ ಬಿಸಿಲು ಏರಿತ್ತು. ಅಲ್ಲಿ ಒಂದೂ ಎದ್ದಿರಲಿಲ್ಲ.

ಈಗ ನಾನು ಮಾಡುವುದು ಹೀಗೆ. ಕೆಲಸಕ್ಕೆ ಒಂದು ವಾರ ಮುಂಚೆ ಚಾವಣಿಯ ನಾಲ್ಕೈದು ಕಡೆ ಪರೀಕ್ಷೆ. ಕಪ್ಪು ಬಟ್ಟೆಯಿಂದ ಶೀಟನ್ನು ಒಮ್ಮೆ ಜೋರಾಗಿ ಉಜ್ಜುತ್ತೇನೆ. ಬಟ್ಟೆಗೆ ಸುಣ್ಣದ ಹಾಗೆ ಬಿಳಿ ಪುಡಿ ಹತ್ತಿದರೆ ಬಣ್ಣ ಸತ್ತಿದೆ ಅಂತ ಅರ್ಥ. ಅದನ್ನು ತೊಳೆದು, ಉಜ್ಜಿ, ಪ್ರೈಮರ್ ಹಾಕದೆ ಮುಂದೆ ಹೋಗುವಂತಿಲ್ಲ. ಆಮೇಲೆ ತೊಳೆದ ಜಾಗದಲ್ಲಿ ಅದೇ ಅಂಟಿನ 25 ಮಿ.ಮೀ. ಅಗಲದ ಪಟ್ಟಿಯನ್ನು 30 ಸೆಂ.ಮೀ. ಉದ್ದ ಅಂಟಿಸಿ, ತುದಿಯಲ್ಲಿ ಹಿಡಿಯಲು ಸ್ವಲ್ಪ ಬಿಟ್ಟು, ಮೂರು ದಿನ ಬಿಡುತ್ತೇನೆ. ಮೂರನೇ ದಿನ ತುದಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ನೆಟ್ಟಗೆ ಮೇಲಕ್ಕೆ ಎಳೆಯುವುದು. ಕೆಜಿ ಎಷ್ಟು ಬಂತು ಅಂತ ಬರೆದುಕೊಂಡು ಅಂಟಿನವರು ಕೊಟ್ಟ ಅಂಕಿಗೆ ಹೋಲಿಸಿ. ಅದಕ್ಕಿಂತ ಮುಖ್ಯ, ಎಲ್ಲಿ ಕಿತ್ತಿತು ಅನ್ನುವುದು. ಅಂಟೇ ಸೀಳಿ ಅರ್ಧ ಶೀಟಿನ ಮೇಲೆ, ಅರ್ಧ ಪಟ್ಟಿಯ ಮೇಲೆ ಉಳಿದರೆ ಅದಕ್ಕಿಂತ ಒಳ್ಳೆಯದಿಲ್ಲ. ಶೀಟು ಸ್ವಚ್ಛವಾಗಿ ಉಳಿದರೆ ಒರೆಸಿದ್ದು ಸಾಲದು, ಇಲ್ಲವೇ ಆ ಬಣ್ಣಕ್ಕೆ ಆ ಅಂಟು ಆಗದು. ಪಿವಿಡಿಎಫ್ ಎಂಬ ನುಣುಪಾದ ಬಣ್ಣದ ಶೀಟು ಹೀಗೆ ಸತಾಯಿಸುವುದುಂಟು. ಪಟ್ಟಿಯ ಜೊತೆ ಬಣ್ಣವೇ ಎದ್ದು ಬಂದರೆ ಸಾಮಾನು ಕಟ್ಟಿಕೊಂಡು ಇಳಿಯಿರಿ. ಆ ಚಾವಣಿಗೆ ಅಂಟಿಸುವ ಕೆಲಸ ಆಗುವುದಿಲ್ಲ.

ಅಂಟಿಸುವ ದಿನ ಮೊದಲು ಸೋಪಿನ ನೀರಿನಿಂದ ತೊಳೆದು ಪೂರ್ತಿ ಒಣಗಲು ಬಿಡಿ. ಅಂಟಿಸುವ ಮುನ್ನ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒಂದು ಬಟ್ಟೆ ಅದ್ದಿ ಒರೆಸಿ, ಅದು ಆರುವ ಮುಂಚೆಯೇ ಇನ್ನೊಂದು ಒಣ ಬಟ್ಟೆಯಿಂದ ಒರೆಸಿ. ತಾನಾಗಿ ಆರಲು ಬಿಟ್ಟರೆ ಕೊಳೆ ಅಲ್ಲೇ ಕೂರುತ್ತದೆ. ಥಿನ್ನರ್, ಪೆಟ್ರೋಲ್ ಬೇಡ. ಬಣ್ಣ ಮೆತ್ತಗಾಗುತ್ತದೆ. ಇಬ್ಬನಿ ಆರಿದ ಮೇಲೆ, ಶೀಟು ಕಾಯುವ ಮೊದಲು ಕೆಲಸ. ಡಿಸೆಂಬರಿನಿಂದ ಮಾರ್ಚಿವರೆಗೆ ಬೆಂಗಳೂರಿನಲ್ಲಿ ಒಂಬತ್ತರಿಂದ ಹನ್ನೊಂದೂವರೆ ಒಳ್ಳೆ ಹೊತ್ತು. ಅಂಗೈ ಶೀಟಿನ ಮೇಲೆ ಇಟ್ಟು ಹತ್ತು ಎಣಿಸಲಾಗದಿದ್ದರೆ ಅಂದಿನ ಕೆಲಸ ನಿಲ್ಲಿಸಿ. ಜೂನ್‌ನಿಂದ ಅಕ್ಟೋಬರ್‌ವರೆಗೆ ಈ ಕೆಲಸ ಒಪ್ಪಿಕೊಳ್ಳಲೇಬೇಡಿ.

ಪ್ಯಾನೆಲ್ ಇಟ್ಟ ಮೇಲೆ ಸರಿಸಲು ಬರುವುದಿಲ್ಲ. ಆದ್ದರಿಂದ ದಾರ ಹಿಡಿದು ಗೆರೆ ಹಾಕಿಕೊಂಡು, ಒಂದು ತುದಿಯಿಂದ ಕಾಗದ ಸುಲಿಯುತ್ತಾ, ಹಿಂದೆಯೇ ರಬ್ಬರ್ ರೋಲರ್ ಒತ್ತುತ್ತಾ ಹೋಗಬೇಕು. ಇಬ್ಬರು ಹಿಡಿಯಲು, ಒಬ್ಬರು ಸುಲಿಯಲು, ಒಬ್ಬರು ರೋಲರಿಗೆ. ಬ್ಯುಟೈಲ್ ಎಂಬ ರಬ್ಬರಿನಂಥ ಅಂಟಿನ ಪಟ್ಟಿ ತಕ್ಷಣ ಹಿಡಿಯುತ್ತದೆ. ಸಿಲಿಕೋನ್ ಅಂಟು ಗಾಳಿಯ ತೇವ ಹೀರಿ ದಿನಕ್ಕೆ ಎರಡು ಮೂರು ಮಿ.ಮೀ. ಮಾತ್ರ ಗಟ್ಟಿಯಾಗುತ್ತದೆ. ಅನೇಕರು ಎರಡನ್ನೂ ಸೇರಿಸಿ ಬಳಸುತ್ತಾರೆ, ನಾನೂ ಹಾಗೇ. ಅಂಟಿನ ಪಟ್ಟಿ ಇಳಿಜಾರಿನ ದಿಕ್ಕಿಗೇ ಇರಲಿ. ಅಡ್ಡ ಹಾಕಿದರೆ ಅದೇ ಒಂದು ಪುಟ್ಟ ಅಣೆಕಟ್ಟು. ಕೆಳಗೆ ನೀರು, ಮಣ್ಣು ನಿಂತು ಶೀಟು ತುಕ್ಕು ಹಿಡಿಯುತ್ತದೆ.

ವೈರಿಂಗ್

ಕೇಬಲ್ ಯಾವುದೂ ಪ್ಯಾನೆಲ್ ಕೆಳಗೆ ಅಥವಾ ಶೀಟಿನ ತಗ್ಗಿನಲ್ಲಿ ಮಲಗಬಾರದು. ಶೀಟಿನ ಕತ್ತರಿಸಿದ ಅಂಚು ಬ್ಲೇಡಿನ ಹಾಗಿರುತ್ತದೆ. ಹಿಗ್ಗಿ ಕುಗ್ಗುವಾಗ ದಿನಾ ಸ್ವಲ್ಪ ಸ್ವಲ್ಪ ಕೊಯ್ಯುತ್ತದೆ. ಶೀಟಿನಿಂದ ಎತ್ತರದಲ್ಲಿ ಮುಚ್ಚಳವಿರುವ ಟ್ರೇ ಹಾಕಿ, ಬಿಸಿಲು ತಡೆಯುವ ಸೋಲಾರ್ ಡಿಸಿ ಕೇಬಲನ್ನೇ ಬಳಸಿ. ಪ್ಯಾನೆಲ್ ಕೇಬಲ್ಲುಗಳನ್ನು ಕೂಡಿಸುವ ಎಂಸಿ4 ಕನೆಕ್ಟರ್ ಎರಡೂ ಕಡೆ ಒಂದೇ ಕಂಪನಿಯದಿರಲಿ. ಬೇರೆ ಬೇರೆ ಕಂಪನಿಯವು ಕ್ಲಿಕ್ ಅಂತ ಕೂರುತ್ತವೆ, ಒಳಗೆ ಸರಿಯಾಗಿ ಮುಟ್ಟುವುದಿಲ್ಲ, ಕಾದು ಕರಗುತ್ತವೆ.

ಇಲ್ಲಿ ಒಂದು ಗೊಂದಲವಿದೆ. ಫ್ರೇಮೇ ಇಲ್ಲವಲ್ಲ, ಅರ್ತಿಂಗ್ ಯಾಕೆ ಅಂತ ಕೇಳುತ್ತಾರೆ. ಫ್ರೇಮಿಗಲ್ಲ, ಶೀಟಿಗೆ. ಒಂದು ಡಿಸಿ ವೈರು ಕೊಯ್ದು ಶೀಟಿಗೆ ತಾಗಿದರೆ ಇಡೀ ಚಾವಣಿಗೇ ಎಂಟು ಒಂಬತ್ತು ನೂರು ವೋಲ್ಟ್ ಏರಬಹುದು. ಶೀಟು, ಟ್ರೇ, ಟ್ರಸ್ ಎಲ್ಲವನ್ನೂ ಜೋಡಿಸಿ ಅರ್ತ್ ಪಿಟ್ಟಿಗೆ ಇಳಿಸಿ. ಸಿಡಿಲು ತಡೆ, ಎಸ್‌ಪಿಡಿ (ವೋಲ್ಟೇಜ್ ಒಮ್ಮೆಲೇ ಏರಿದರೆ ತಡೆಯುವ ಸಾಧನ) ಬೇಕೇ ಬೇಕು. ಇನ್ವರ್ಟರಿನಲ್ಲಿ ಇನ್ಸುಲೇಶನ್ ಸೋರಿಕೆ ಮತ್ತು ಆರ್ಕ್ ಕಿಡಿ ಎರಡನ್ನೂ ಕಂಡುಹಿಡಿಯುವ ವ್ಯವಸ್ಥೆ ಇದೆಯಾ ನೋಡಿ. ಬೇರೆ ಬೇರೆ ದಿಕ್ಕಿಗೆ ಇಳಿಜಾರಿರುವ ಸಾಲುಗಳನ್ನು ಒಂದೇ ಸ್ಟ್ರಿಂಗಿಗೆ (ಒಂದರ ಹಿಂದೊಂದು ಜೋಡಿಸಿದ ಪ್ಯಾನೆಲ್ ಸರಣಿಗೆ) ಸೇರಿಸಬೇಡಿ.

ಚಾಲೂ ಮಾಡುವ ಮೊದಲು ಪ್ರತಿ ಸ್ಟ್ರಿಂಗಿನ ವೋಲ್ಟೇಜ್, ಪ್ಲಸ್-ಮೈನಸ್, ಮೆಗ್ಗರಿನಲ್ಲಿ (ಕರೆಂಟ್ ಸೋರದ ಹಾಗೆ ತಡೆ ಎಷ್ಟಿದೆ ಅಂತ ಅಳೆಯುವ ಮೀಟರ್) ಇನ್ಸುಲೇಶನ್ ನೋಡಿ. ಒಂದು ಮೆಗಾಓಮಿಗಿಂತ ಕಡಿಮೆ ಬಂದರೆ ಮುಂದೆ ಹೋಗಬೇಡಿ. ಒಣ ದಿನ ಪಾಸಾಗಿ ಒದ್ದೆ ದಿನ ಫೇಲಾಗುವುದುಂಟು. ಹಾಗಾಗಿ ನಾನು ಹೋಸ್ ಪೈಪಿನಲ್ಲಿ ನೀರು ಹಾಯಿಸಿ ಇನ್ನೊಮ್ಮೆ ಮೆಗ್ಗರ್ ಹಾಕುತ್ತೇನೆ. ಅದೇ ನೀರಿನಲ್ಲಿ ಚಾವಣಿ ಸೋರುತ್ತದಾ ಅನ್ನುವುದೂ ಗೊತ್ತಾಗುತ್ತದೆ. ಕೆಳಗೆ ಒಬ್ಬರನ್ನು ನಿಲ್ಲಿಸಿರಿ. ಆಮೇಲೆ ವಿದ್ಯುತ್ ಪರಿವೀಕ್ಷಣಾಲಯದ ತಪಾಸಣೆ, ಮೀಟರ್ ಬದಲಾವಣೆ. ಅದರ ಕಾಗದಪತ್ರ ನಿಮ್ಮ ಲೈಸೆನ್ಸ್ಡ್ ಕಂಟ್ರಾಕ್ಟರ್ ನೋಡಿಕೊಳ್ಳುತ್ತಾರೆ.

ಆಮೇಲೆ

ಮೊದಲ ದೊಡ್ಡ ಗಾಳಿಮಳೆ ಆದ ಮಾರನೇ ದಿನ ತಪ್ಪದೆ ಹತ್ತಿ. ಪ್ರತಿ ಪ್ಯಾನೆಲ್ಲಿನ ನಾಲ್ಕು ಮೂಲೆಯಲ್ಲೂ ಬೆರಳು ಹಾಕಿ ಎತ್ತಿ ನೋಡಿ. ಅಂಚು ಒಂದು ಇಂಚು ಎದ್ದಾಗ ಸರಿಮಾಡಿದರೆ ಒಂದು ಟ್ಯೂಬ್ ಅಂಟಿನ ಕೆಲಸ. ಬಿಟ್ಟರೆ ಪ್ಯಾನೆಲ್ಲೇ ಹೋಗುತ್ತದೆ.

ಸಪಾಟಾಗಿ ಮಲಗಿರುವುದರಿಂದ ಧೂಳು ಬೇಗ ಕೂರುತ್ತದೆ. ಮೇಲ್ಮೈ ಪ್ಲಾಸ್ಟಿಕ್ಕಿನದು, ಗಾಜಿನದಲ್ಲ. ಗಡಸು ಬ್ರಷ್ ಹಾಕಿದರೆ ಗೀರು ಬೀಳುತ್ತದೆ. ಮೆತ್ತನೆ ಮಾಪು, ಬೆಳಗಿನ ಹೊತ್ತು, ಓಣಿಯಲ್ಲಿ ನಿಂತು. ನಮ್ಮ ಬೋರ್‌ವೆಲ್ ನೀರು ಗಡಸು. ಹಾಗೇ ಆರಲು ಬಿಟ್ಟರೆ ಬಿಳಿ ಕಲೆ ಕಟ್ಟುತ್ತದೆ. ಟ್ಯಾಂಕರ್ ನೀರು ಅಂದರೂ ಎಷ್ಟೋ ಸಲ ಅದೇ ಬೋರಿನದು. ಆರ್‌ಒ ನೀರೋ ಮಳೆನೀರೋ ಸಿಕ್ಕರೆ ಒಳ್ಳೆಯದು. ಪಕ್ಕದಲ್ಲಿ ಫ್ಯಾಬ್ರಿಕೇಶನ್ ಶೆಡ್ ಇದ್ದರೆ ಗ್ರೈಂಡಿಂಗಿನ ಕಬ್ಬಿಣದ ಪುಡಿ ಬಂದು ಕೂತು ಮೊದಲ ಮಳೆಗೇ ತುಕ್ಕಿನ ಚುಕ್ಕೆಯಾಗುತ್ತದೆ. ಅಂಥ ಕಡೆ ತಿಂಗಳಿಗೊಮ್ಮೆ ಸಾಲದು.

ಕೆಟ್ಟ ಪ್ಯಾನೆಲ್ಲನ್ನು ಶೀಟಿನಿಂದ ಕಿತ್ತರೆ ಬಣ್ಣವೂ ಬರುತ್ತದೆ. ಅದರ ಬದಲು ಅದನ್ನು ಅಲ್ಲೇ ಬಿಟ್ಟು, ಸ್ಟ್ರಿಂಗಿನಿಂದ ತಪ್ಪಿಸಿ, ಅಷ್ಟೇ ವ್ಯಾಟಿನ ಹೊಸದನ್ನು ಓಣಿಯ ಪಕ್ಕದ ಖಾಲಿ ಜಾಗದಲ್ಲಿ ಅಂಟಿಸುತ್ತೇನೆ. ಅದಕ್ಕಾಗಿಯೇ ನಕ್ಷೆ ಹಾಕುವಾಗ ನೂರಕ್ಕೆ ಎರಡು ಮೂರು ಪ್ಯಾನೆಲ್ಲಿನಷ್ಟು ಜಾಗ ಖಾಲಿ ಬಿಡುವುದು. ಅದೇ ಬ್ಯಾಚಿನ ಮೂರು ಪ್ಯಾನೆಲ್ಲನ್ನು ಸ್ಟೋರಿನಲ್ಲಿ ಚಪ್ಪಟೆಯಾಗಿ, ಮೇಲೆ ಏನೂ ಹೇರದೆ ಇಟ್ಟುಕೊಳ್ಳಿ. ಸುತ್ತಿ ಮೂಲೆಯಲ್ಲಿ ನಿಲ್ಲಿಸಬೇಡಿ.